ಚೌಕಳಿ ಹಾಳೆಯ ಮೇಲೊಂದು ಜಗತ್ತು

ಇಂಗ್ಲೆಂಡಿನ ಕೇಂಬ್ರಿಜ್ ನಗರದಲ್ಲಿ 2017ರ ಮೇ ತಿಂಗಳಲ್ಲಿ ಹೊಸ ರೈಲು ನಿಲ್ದಾಣವೊಂದು ಆರಂಭವಾಯಿತು. ಹೆಸರು ಕೇಂಬ್ರಿಜ್ ನಾರ್ತ್. ನಿಲ್ದಾಣದ ಹೊರಗೋಡೆಗೆ ಅಲ್ಯೂಮಿನಿಯಂ ತಗಡುಗಳನ್ನು ಹೊದಿಸಿ, ಅವುಗಳಲ್ಲಿ ತೂತು ಕೊರೆದು ಒಂದು ಚಿತ್ತಾರ ಮೂಡಿಸಲಾಗಿತ್ತು. ಚಿಕ್ಕವೂ ದೊಡ್ಡವೂ ಆದ ತ್ರಿಕೋನಗಳು ಒಂದರ ಕೆಳಗೊಂದು ಜೋತುಬಿದ್ದಂತೆ ಕಾಣುವ ಆ ಚಿತ್ತಾರ, ಕೇಂಬ್ರಿಜ್ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಿದ್ದ ಗಣಿತಜ್ಞ ಜಾನ್ ಕಾನ್ವೇ ಅವರ ‘ಗೇಮ್ ಆಫ್ ಲೈಫ್’ ಎಂಬ ಆಟದಿಂದ ಪಡೆದದ್ದು ಎಂದು ವಾಸ್ತುಶಿಲ್ಪಿಗಳು ಹೇಳಿದರು. ಊರಿನ ಹೆಮ್ಮೆಯ ಗಣಿತಜ್ಞನಿಗೆ ಊರಿನ ಗೌರವ ಎಂದು ಎಲ್ಲರೂ ಭಾವಿಸಿದರು.

ಚಿತ್ರಗಳನ್ನು ನೋಡಿದ ಗಣಿತಾಸಕ್ತರು ಮಾತ್ರ ಹುಬ್ಬೇರಿಸಿದರು. ಅದು ಕಾನ್ವೇ ಆಟವಲ್ಲ. ‘ನಿಯಮ 30’ ಎಂಬ ಬೇರೆಯೇ ಒಂದು ಲೆಕ್ಕದಿಂದ ಹುಟ್ಟಿದ ಚಿತ್ರ. ಕಪ್ಪು ಇರುವಲ್ಲಿ ಬಿಳುಪು, ಬಿಳುಪು ಇರುವಲ್ಲಿ ಕಪ್ಪು ಆಗಿತ್ತು, ಅಷ್ಟೆ. ಆ ನಿಯಮವನ್ನು ಪ್ರಸಿದ್ಧಿಗೆ ತಂದ ಸ್ಟೀಫನ್ ವೊಲ್ಫ್ರಮ್ ಓದಿದ್ದು ಕೇಂಬ್ರಿಜ್‌ನ ಪರಮ ಪ್ರತಿಸ್ಪರ್ಧಿ ಆಕ್ಸ್‌ಫರ್ಡ್‌ನಲ್ಲಿ! ತಮ್ಮ ಮನೆಯ ಹೊಸ್ತಿಲಲ್ಲಿ ಎದುರು ಮನೆಯವರ ರಂಗೋಲಿ ಬಿದ್ದಿರುವುದು ಕೇಂಬ್ರಿಜ್‌ನವರಿಗೆ ಕೊಂಚ ಇರುಸುಮುರುಸು ತಂದಿದ್ದರೆ ಆಶ್ಚರ್ಯವಿಲ್ಲ.

ಎರಡೂ ಒಂದೇ ಕುಟುಂಬಕ್ಕೆ ಸೇರಿದವು. ಚೌಕಳಿ ಹಾಳೆಯ ಮನೆಗಳಿಗೆ ಕೆಲವೇ ಪದಗಳಲ್ಲಿ ಹೇಳಬಹುದಾದ ನಿಯಮವೊಂದನ್ನು ಕೊಟ್ಟು, ಅದನ್ನೇ ಮತ್ತೆ ಮತ್ತೆ ಪಾಲಿಸುತ್ತ ಹೋದರೆ ಏನಾಗುತ್ತದೆ ಎಂದು ನೋಡುವ ಕುಟುಂಬ ಅದು. ವಿಜ್ಞಾನಿಗಳು ಇದನ್ನು ‘ಸೆಲ್ಯುಲರ್ ಆಟೊಮೇಟನ್’ ಎನ್ನುತ್ತಾರೆ. ಚೌಕಾಬಾರ, ಹುಲಿಕಲ್ಲಿನ ಆಟ ಬಲ್ಲ ಕನ್ನಡಿಗರಿಗೆ ‘ಮನೆಗಳ ಆಟ’ ಎಂದರೆ ಸಾಕು. ಮಕ್ಕಳಾಟದಂತೆ ಕಾಣುವ ಇದರಿಂದ ಹೊರಟ ಪ್ರಶ್ನೆ ಮಾತ್ರ ಮಕ್ಕಳಾಟದ್ದಲ್ಲ. ನಾವು ಕಾಣುವ ಈ ಗೋಜಲು ಗೋಜಲಾದ ಜಗತ್ತಿನ ತಳದಲ್ಲಿಯೂ ಇಂಥದೇ ಒಂದು ಪುಟ್ಟ ನಿಯಮ ಇರಬಹುದೇ?

ಹುಟ್ಟು, ಉಳಿವು, ಸಾವು

ಮೊದಲು ಕಾನ್ವೇ ಆಟವನ್ನೇ ನೋಡೋಣ. ಒಂದು ಚೌಕಳಿ ಹಾಳೆ, ಒಂದು ಪೆನ್ಸಿಲ್ಲು, ಒಂದು ರಬ್ಬರು ಇದ್ದರೆ ಸಾಕು. ಪ್ರತಿ ಮನೆಗೂ ಎಂಟು ನೆರೆಮನೆಗಳು: ನಾಲ್ಕು ಪಕ್ಕಗಳಲ್ಲಿ, ನಾಲ್ಕು ಮೂಲೆಗಳಲ್ಲಿ. ಮನೆಗೆ ಎರಡೇ ಸ್ಥಿತಿ, ಒಂದೋ ಜೀವ ಇದೆ, ಇಲ್ಲವೇ ಖಾಲಿ. ಜೀವ ಇರುವ ಮನೆಗೆ ಎರಡು ಅಥವಾ ಮೂರು ಜೀವಂತ ನೆರೆಯವರಿದ್ದರೆ ಅದು ಮುಂದಿನ ತಲೆಮಾರಿಗೆ ಉಳಿಯುತ್ತದೆ. ಅದಕ್ಕಿಂತ ಕಡಿಮೆಯಾದರೆ ಒಂಟಿತನದಿಂದ, ಹೆಚ್ಚಾದರೆ ನೂಕುನುಗ್ಗಲಿನಿಂದ ಸಾಯುತ್ತದೆ. ಖಾಲಿ ಮನೆಯ ಸುತ್ತ ಸರಿಯಾಗಿ ಮೂರು ಜೀವಗಳಿದ್ದರೆ ಅಲ್ಲೊಂದು ಹೊಸ ಜೀವ ಹುಟ್ಟುತ್ತದೆ. ಎಲ್ಲ ಮನೆಗಳೂ ಒಟ್ಟಿಗೇ ಬದಲಾಗಬೇಕು. ನಿಯಮ ಇಷ್ಟೇ. ಆಡುವವರ ಕೈಚಳಕಕ್ಕೆ ಇಲ್ಲಿ ಅವಕಾಶವಿಲ್ಲ. ಮೊದಲ ಕಾಯಿಗಳನ್ನಿಟ್ಟು ಕೈಕಟ್ಟಿ ಕೂರುವುದಷ್ಟೇ ಕೆಲಸ.

ಅಡ್ಡಸಾಲಿನಲ್ಲಿ ಮೂರು ಮನೆ ತುಂಬಿ ನೋಡಿ. ಎರಡು ತುದಿಯವಕ್ಕೆ ಒಬ್ಬನೇ ನೆರೆಯವ, ಸಾಯುತ್ತವೆ. ನಡುವಿನದಕ್ಕೆ ಇಬ್ಬರು, ಉಳಿಯುತ್ತದೆ. ಅದರ ಮೇಲೆ ಮತ್ತು ಕೆಳಗೆ ಇರುವ ಖಾಲಿ ಮನೆಗಳಿಗೆ ತಲಾ ಮೂವರು, ಅಲ್ಲಿ ಹುಟ್ಟು. ಅಡ್ಡ ಇದ್ದದ್ದು ಲಂಬವಾಯಿತು. ಮುಂದಿನ ಸುತ್ತಿನಲ್ಲಿ ಮತ್ತೆ ಅಡ್ಡವಾಗುತ್ತದೆ. ಹೀಗೆ ಕಣ್ಣು ಮಿಟುಕಿಸುತ್ತಲೇ ಇರುತ್ತದೆ. ನಾಲ್ಕು ಮನೆಗಳನ್ನು ಚಚ್ಚೌಕವಾಗಿ ತುಂಬಿದರೆ ಅದು ಕಲ್ಲಿನಂತೆ ನಿಂತುಬಿಡುತ್ತದೆ. ಐದೇ ಮನೆಗಳ ಇನ್ನೊಂದು ಆಕೃತಿ ನಾಲ್ಕು ಸುತ್ತುಗಳಿಗೊಮ್ಮೆ ತನ್ನ ಮೊದಲ ರೂಪಕ್ಕೇ ಮರಳುತ್ತದೆ, ಆದರೆ ಇದ್ದ ಜಾಗದಿಂದ ಒಂದು ಮನೆ ಓರೆಯಾಗಿ ಸರಿದಿರುತ್ತದೆ. ಇದಕ್ಕೆ ‘ಗ್ಲೈಡರ್’ ಎಂದು ಹೆಸರು. ಹಾಳೆಯ ಮೇಲೆ ಯಾವುದೂ ಚಲಿಸುವುದಿಲ್ಲ ಎಂಬುದನ್ನು ಗಮನಿಸಬೇಕು. ಮನೆಗಳು ಹತ್ತುತ್ತವೆ, ಆರುತ್ತವೆ. ಚಲಿಸುವ ಜೀವಿಯೊಂದು ಇದೆ ಎಂಬುದು ನೋಡುವವನ ಕಣ್ಣಿಗೆ ಮಾತ್ರ.

ಇದೇ ಐದು ಮನೆಗಳನ್ನು ಸ್ವಲ್ಪ ಬೇರೆ ರೀತಿ ಜೋಡಿಸಿದರೆ ‘ಆರ್-ಪೆಂಟಾಮಿನೊ’ ಎಂಬ ಆಕೃತಿಯಾಗುತ್ತದೆ. ಕಾನ್ವೇ ಮತ್ತು ಗೆಳೆಯರು ಜಪಾನಿನ ‘ಗೋ’ ಆಟದ ಹಾಸಿನ ಮೇಲೆ ಕಾಯಿಗಳನ್ನಿಟ್ಟು ಇದರ ಬೆನ್ನುಹತ್ತಿದರು. ಅದು ಸಿಡಿಯಿತು, ಹರಡಿತು, ಚದುರಿತು, ಕೈಲೆಕ್ಕ ಸಾಕಾಗಲಿಲ್ಲ. ಕೊನೆಗೆ ಕಂಪ್ಯೂಟರ್ ಹೇಳಿದ್ದು: ಈ ಆಕೃತಿ ಒಂದು ನೆಲೆಗೆ ಬರಲು 1,103 ತಲೆಮಾರು ಬೇಕು. ಆಗ ಅಲ್ಲಿ ಉಳಿದಿರುವುದು ದೂರ ದೂರಕ್ಕೆ ಹಾರುತ್ತಿರುವ ಆರು ಗ್ಲೈಡರ್‌ಗಳೂ ಸೇರಿ ಒಟ್ಟು 116 ಜೀವಗಳು. ಐದು ಮನೆಗಳಲ್ಲಿ ಇಷ್ಟೆಲ್ಲ ಕಥೆ ಅಡಗಿದೆ ಎಂದು ಮೊದಲೇ ಊಹಿಸಲು ಯಾರಿಗೂ ಸಾಧ್ಯವಾಗಿರಲಿಲ್ಲ.

ಅಮೆರಿಕದ ‘ಸೈಂಟಿಫಿಕ್ ಅಮೆರಿಕನ್’ ಪತ್ರಿಕೆಯ ಗಣಿತ ವಿನೋದದ ಅಂಕಣದಲ್ಲಿ ಮಾರ್ಟಿನ್ ಗಾರ್ಡ್ನರ್ ಈ ಆಟವನ್ನು 1970ರ ಅಕ್ಟೋಬರ್‌ನಲ್ಲಿ ಪರಿಚಯಿಸಿದರು. ಯಾವುದೇ ಆಕೃತಿಯೂ ಮಿತಿಯಿಲ್ಲದೆ ಬೆಳೆಯಲಾರದು ಎಂದು ಕಾನ್ವೇ ಅಂದಾಜು ಮಾಡಿದ್ದರು. ವರ್ಷದ ಕೊನೆಯೊಳಗೆ ಇದನ್ನು ಸರಿ ಅಥವಾ ತಪ್ಪು ಎಂದು ತೋರಿಸಿದವರಿಗೆ 50 ಡಾಲರ್ ಬಹುಮಾನ. ಮುಂದಿನ ತಿಂಗಳೇ ಎಂಐಟಿಯ ಬಿಲ್ ಗಾಸ್ಪರ್ ಮತ್ತು ಸಂಗಡಿಗರು ಒಂದು ‘ಕೋವಿ’ಯನ್ನು ಕಂಡುಹಿಡಿದು ಬಹುಮಾನ ಗೆದ್ದರು. ಪ್ರತಿ 30 ಸುತ್ತಿಗೊಮ್ಮೆ ಒಂದು ಗ್ಲೈಡರನ್ನು ಉಗುಳುವ ಆಕೃತಿ ಅದು. ಗ್ಲೈಡರ್‌ಗಳ ಪ್ರವಾಹವನ್ನು ವಿದ್ಯುತ್ ತಂತಿಯಲ್ಲಿನ ಸಂಕೇತಗಳಂತೆ ಬಳಸಿ, ಒಂದಕ್ಕೊಂದು ಡಿಕ್ಕಿ ಹೊಡೆಸಿ, ಕೂಡುವ, ಕಳೆಯುವ, ನೆನಪಿಟ್ಟುಕೊಳ್ಳುವ ಯಂತ್ರವನ್ನೇ ಕಟ್ಟಬಹುದು ಎಂಬುದು ಆಮೇಲೆ ಖಚಿತವಾಯಿತು. ಎಂದರೆ, ಯಾವ ಕಂಪ್ಯೂಟರ್ ಮಾಡುವ ಯಾವ ಲೆಕ್ಕವನ್ನಾದರೂ ತತ್ತ್ವಶಃ ಈ ಚೌಕಳಿ ಹಾಳೆಯೂ ಮಾಡಬಲ್ಲದು. ಹುಟ್ಟು ಸಾವಿನ ಮೂರು ಸಾಲಿನ ನಿಯಮದಲ್ಲಿ ಕಂಪ್ಯೂಟರ್ ಎಲ್ಲಿತ್ತು?

ಬರ್ಲಿನ್ನಿನ ಎಂಜಿನಿಯರ್

ಮನೆಗಳ ಆಟದ ಬೇರು ಕಾನ್ವೇಗಿಂತ ಹಳೆಯದು. ಅಣುಬಾಂಬು ತಯಾರಾದ ಲಾಸ್ ಅಲಮೋಸ್‌ನಲ್ಲಿದ್ದ ಗಣಿತಜ್ಞ ಜಾನ್ ಫಾನ್ ನಾಯ್ಮನ್ 1940ರ ದಶಕದ ಕೊನೆಯಲ್ಲಿ, ತನ್ನಂತೆಯೇ ಇರುವ ಇನ್ನೊಂದನ್ನು ತಾನೇ ಕಟ್ಟಿಕೊಳ್ಳಬಲ್ಲ ಯಂತ್ರ ಸಾಧ್ಯವೇ ಎಂದು ಯೋಚಿಸುತ್ತಿದ್ದರು. ಹರಳುಗಳು ಬೆಳೆಯುವ ಕ್ರಮವನ್ನು ಗಮನಿಸುತ್ತಿದ್ದ ಅವರ ಗೆಳೆಯ ಸ್ಟಾನಿಸ್ಲಾವ್ ಉಲಾಮ್, ನಟ್ಟು ಬೋಲ್ಟುಗಳ ಗೊಡವೆ ಬಿಟ್ಟು ಚೌಕಳಿಯ ಮೇಲೆ ಯೋಚಿಸಿ ಎಂದು ಸಲಹೆ ಕೊಟ್ಟರು. ಪ್ರತಿ ಮನೆಗೆ 29 ಸ್ಥಿತಿಗಳಿರುವ ಒಂದು ಲೋಕವನ್ನು ಫಾನ್ ನಾಯ್ಮನ್ ಕಲ್ಪಿಸಿದರು. ಕೆಲಸ ಪೂರ್ಣವಾಗುವ ಮೊದಲೇ, 1957ರಲ್ಲಿ ತೀರಿಕೊಂಡರು. ಪುಸ್ತಕ ಹೊರಬಂದದ್ದು 1966ರಲ್ಲಿ. ತನ್ನನ್ನು ತಾನು ಪ್ರತಿ ಮಾಡಿಕೊಳ್ಳುವುದು ಜೀವಕ್ಕೆ ಮಾತ್ರ ಸಾಧ್ಯ ಎಂಬ ಹಳೆಯ ನಂಬಿಕೆಗೆ ಅದು ಕೊಟ್ಟ ಪೆಟ್ಟು ಸಣ್ಣದಲ್ಲ.

ಆದರೆ ವಿಶ್ವವೇ ಒಂದು ಲೆಕ್ಕ ಎಂದು ಬಾಯಿಬಿಟ್ಟು ಹೇಳಿದವರು ಬೇರೆ. ಅವರು ಕೊನ್ರಾಡ್ ಸೂಸೆ, ಬರ್ಲಿನ್ನಿನ ಎಂಜಿನಿಯರ್. ಟೆಲಿಫೋನ್ ವಿನಿಮಯ ಕೇಂದ್ರಗಳಲ್ಲಿ ಬಳಸುವಂಥ ರಿಲೇಗಳನ್ನು ಜೋಡಿಸಿ 1941ರಲ್ಲಿ ಅವರು ಕಟ್ಟಿದ ಜೆಡ್-3, ಪ್ರೋಗ್ರಾಂ ಪ್ರಕಾರ ನಡೆಯುವ ಜಗತ್ತಿನ ಮೊದಲ ಕೆಲಸಗಾರ ಕಂಪ್ಯೂಟರ್ ಎಂದು ಇತಿಹಾಸಕಾರರು ಗುರುತಿಸುತ್ತಾರೆ. ಎರಡು ವರ್ಷಗಳ ನಂತರ ಮಿತ್ರಪಡೆಗಳ ಬಾಂಬ್ ದಾಳಿಯಲ್ಲಿ ಅದು ನಾಶವಾಯಿತು. ಯುದ್ಧದ ಕೊನೆಯ ದಿನಗಳಲ್ಲಿ ಮುಂದಿನ ಯಂತ್ರ ಜೆಡ್-4ನ್ನು ಹೇಗೋ ದಕ್ಷಿಣದ ಬವೇರಿಯಾದ ಹಳ್ಳಿಗಾಡಿಗೆ ಸಾಗಿಸಿ ಉಳಿಸಿಕೊಂಡರು.

ಇದೇ ಸೂಸೆ 1967ರಲ್ಲಿ ಒಂದು ಲೇಖನ, 1969ರಲ್ಲಿ ಒಂದು ಪುಸ್ತಕ ಪ್ರಕಟಿಸಿದರು. ಜರ್ಮನ್ ಭಾಷೆಯ ಅದರ ಹೆಸರನ್ನು ಕನ್ನಡದಲ್ಲಿ ‘ಲೆಕ್ಕಿಸುವ ಆಕಾಶ’ ಎನ್ನಬಹುದು. ಆಕಾಶ ಅಥವಾ ಅವಕಾಶವೆಂಬುದು ವಸ್ತುಗಳನ್ನಿಡುವ ಖಾಲಿ ಪಾತ್ರೆಯಲ್ಲ. ಅದೇ ಪುಟ್ಟ ಪುಟ್ಟ ಮನೆಗಳ ಜಾಲ. ಪ್ರತಿ ಮನೆಯೂ ನೆರೆಯವನ್ನು ನೋಡಿ ತನ್ನ ಮುಂದಿನ ಸ್ಥಿತಿಯನ್ನು ಲೆಕ್ಕ ಹಾಕುತ್ತದೆ. ನಾವು ಕಣ, ಬೆಳಕು, ಚಲನೆ ಎನ್ನುವುದೆಲ್ಲ ಆ ಜಾಲದ ಮೇಲೆ ಹರಿಯುವ ಗ್ಲೈಡರ್‌ಗಳಂಥವು. ಸೂಸೆ ವಾದದ ಸಾರ ಇದು. ಭೌತವಿಜ್ಞಾನಿಗಳು ಅದಕ್ಕೆ ಹೆಚ್ಚು ಕಿವಿಗೊಡಲಿಲ್ಲ. ಕಂಪ್ಯೂಟರ್ ಕಟ್ಟಿದವನಿಗೆ ಜಗತ್ತೆಲ್ಲ ಕಂಪ್ಯೂಟರಾಗಿ ಕಾಣುವುದು ಸಹಜವಲ್ಲವೇ ಎಂಬ ಸಂದೇಹಕ್ಕೆ ಅರ್ಥವೂ ಇದೆ. ಗಡಿಯಾರಗಳ ಯುಗದಲ್ಲಿ ವಿಶ್ವವನ್ನು ಗಡಿಯಾರವೆಂದಿದ್ದರು, ಉಗಿಯಂತ್ರದ ಯುಗದಲ್ಲಿ ಉಗಿಯಂತ್ರದ ಭಾಷೆಯಲ್ಲಿ ಮಾತಾಡಿದ್ದರು.

ಆದರೂ ಈ ವಿಚಾರ ಸಾಯಲಿಲ್ಲ. ಪದವಿಯಿಲ್ಲದೆಯೇ ಎಂಐಟಿಯ ಪ್ರಾಧ್ಯಾಪಕರಾದ, ಒಂದು ಕಾಲದ ಯುದ್ಧವಿಮಾನ ಚಾಲಕ ಎಡ್ವರ್ಡ್ ಫ್ರೆಡ್ಕಿನ್ ಅಮೆರಿಕದಲ್ಲಿ ಇದನ್ನೇ ಸ್ವತಂತ್ರವಾಗಿ ಪ್ರತಿಪಾದಿಸುತ್ತ ಬಂದರು. 1981ರಲ್ಲಿ ಎಂಐಟಿಯ ಒಂದು ಸಮ್ಮೇಳನಕ್ಕೆ ಫ್ರೆಡ್ಕಿನ್, ಸೂಸೆ, ಜಾನ್ ವೀಲರ್, ರಿಚರ್ಡ್ ಫೈನ್‌ಮನ್ ಎಲ್ಲರೂ ಬಂದಿದ್ದರು. ಫೈನ್‌ಮನ್ ಅಲ್ಲಿ ಕೇಳಿದ ಪ್ರಶ್ನೆ: ಸಾಮಾನ್ಯ ಕಂಪ್ಯೂಟರಿನಲ್ಲಿ ಕ್ವಾಂಟಂ ಜಗತ್ತನ್ನು ಯಥಾವತ್ ನಡೆಸಿ ತೋರಿಸಲು ಸಾಧ್ಯವೇ? ಆಗುವುದಿಲ್ಲ ಎಂಬ ಉತ್ತರದತ್ತ ಅವರ ಒಲವಿತ್ತು. ಕ್ವಾಂಟಂ ಕಂಪ್ಯೂಟರಿನ ಕನಸು ಮೊಳೆತದ್ದು ಇಂಥ ಪ್ರಶ್ನೆಗಳಿಂದಲೇ.

ಮೂವತ್ತನೆಯ ನಿಯಮ

ಈಗ ರೈಲು ನಿಲ್ದಾಣದ ಗೋಡೆಗೆ ಬರೋಣ. 1959ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಸ್ಟೀಫನ್ ವೊಲ್ಫ್ರಮ್ ಬಾಲಪ್ರತಿಭೆ. ಪದವಿ ಮುಗಿಸದೆಯೇ ಆಕ್ಸ್‌ಫರ್ಡ್ ಬಿಟ್ಟು ಅಮೆರಿಕಕ್ಕೆ ಹೋಗಿ, ಇಪ್ಪತ್ತನೆಯ ವಯಸ್ಸಿಗೆ ಕ್ಯಾಲ್‌ಟೆಕ್‌ನಿಂದ ಡಾಕ್ಟರೇಟ್ ಪಡೆದವರು. 1980ರ ದಶಕದ ಆರಂಭದಲ್ಲಿ ಅವರು ಮನೆಗಳ ಆಟವನ್ನು ಅದಕ್ಕಿಂತ ಸರಳಗೊಳಿಸಲು ಆಗದಷ್ಟು ಸರಳಗೊಳಿಸಿದರು. ಹಾಳೆಯ ಬದಲು ಒಂದೇ ಸಾಲು. ಪ್ರತಿ ಮನೆ ತನ್ನನ್ನು, ತನ್ನ ಎಡದವನನ್ನು, ಬಲದವನನ್ನು ನೋಡಿ ಮುಂದಿನ ಬಣ್ಣ ನಿರ್ಧರಿಸುತ್ತದೆ. ಹೊಸ ಸಾಲನ್ನು ಹಳೆಯದರ ಕೆಳಗೆ ಬರೆಯುತ್ತ ಹೋಗಬೇಕು, ಮಗ್ಗದಲ್ಲಿ ಬಟ್ಟೆ ನೇಯ್ದಂತೆ. ಮೂರು ಮನೆಗಳಿಗೆ ಎಂಟು ಬಗೆಯ ಜೋಡಣೆ. ಪ್ರತಿಯೊಂದಕ್ಕೂ ಎರಡು ಉತ್ತರ. ಒಟ್ಟು 256 ನಿಯಮಗಳು. ಅವಕ್ಕೆ ಸೊನ್ನೆಯಿಂದ 255ರವರೆಗೆ ಸಂಖ್ಯೆ ಕೊಟ್ಟು ಒಂದೊಂದನ್ನೇ ಓಡಿಸಿ ನೋಡಿದರು.

ಹೆಚ್ಚಿನವು ಬೇಸರ ತರಿಸುವಂಥವು. ಎಲ್ಲ ಬಿಳಿ, ಇಲ್ಲವೇ ಪಟ್ಟೆ ಪಟ್ಟೆ. ಕೆಲವು ಅಂದವಾದ, ಆದರೆ ಪುನರಾವರ್ತಿಸುವ ಜಾಲಂದರಗಳು. ಮೂವತ್ತನೆಯದು ಮಾತ್ರ ಬೇರೆ ಜಾತಿ. ಅದರ ನಿಯಮವನ್ನು ಓದುಗರು ತಾವೇ ಪರೀಕ್ಷಿಸಬಹುದು: ಮೇಲಿನ ಸಾಲಿನಲ್ಲಿ ನಿಮ್ಮ ನೇರ ಮೇಲಿನವನೂ ಅವನ ಬಲದವನೂ ಬಿಳಿಯಾಗಿದ್ದರೆ ಎಡದವನ ಬಣ್ಣವನ್ನೇ ಹಾಕಿಕೊಳ್ಳಿ, ಇಲ್ಲದಿದ್ದರೆ ಎಡದವನಿಗೆ ವಿರುದ್ಧವಾದ ಬಣ್ಣ ಹಾಕಿಕೊಳ್ಳಿ. ಒಂದೇ ಒಂದು ಕಪ್ಪು ಮನೆಯಿಂದ ಆರಂಭಿಸಿದರೆ ಎರಡನೆಯ ಸಾಲಿನಲ್ಲಿ ಮೂರು ಕಪ್ಪು. ಮೂರನೆಯದರಲ್ಲಿ ಎರಡು ಕಪ್ಪು, ಎರಡು ಬಿಳಿ, ಒಂದು ಕಪ್ಪು. ಹತ್ತು ಹದಿನೈದು ಸಾಲು ದಾಟುವಷ್ಟರಲ್ಲಿ ಎಡ ಅಂಚಿನಲ್ಲಿ ಒಂದು ಕ್ರಮ ಕಾಣುತ್ತದೆ, ಉಳಿದೆಡೆ ಗೊಂದಲವೋ ಗೊಂದಲ. ನಟ್ಟನಡುವಿನ ಕಂಬಸಾಲನ್ನು ಮೇಲಿನಿಂದ ಕೆಳಕ್ಕೆ ಓದಿದರೆ ನಾಣ್ಯ ಚಿಮ್ಮಿ ಬರೆದಂತಿರುತ್ತದೆ. ವೊಲ್ಫ್ರಮ್ 1988ರಲ್ಲಿ ಹೊರತಂದ ‘ಮ್ಯಾಥಮ್ಯಾಟಿಕಾ’ ಎಂಬ ಗಣಿತದ ಸಾಫ್ಟ್‌ವೇರ್‌ನಲ್ಲಿ ಯಾದೃಚ್ಛಿಕ ಸಂಖ್ಯೆಗಳನ್ನು ಪಡೆಯಲು ಇದನ್ನು ಬಳಸಿದ್ದುಂಟು. ಆ ಕಂಬಸಾಲು ಎಂದಾದರೂ ಪುನರಾವರ್ತಿಸುವುದೇ, ಅದರಲ್ಲಿ ಕಪ್ಪು ಬಿಳುಪು ಸರಾಸರಿ ಸಮನಾಗಿವೆಯೇ ಎಂಬಂಥ ಮೂರು ಪ್ರಶ್ನೆಗಳಿಗೆ 2019ರಲ್ಲಿ ಅವರು ಒಟ್ಟು 30,000 ಡಾಲರ್ ಬಹುಮಾನ ಸಾರಿದರು. ಕಂಡುಹಿಡಿದು ಮೂರೂವರೆ ದಶಕ ಕಳೆದ ಮೇಲೂ ತಮ್ಮದೇ ನಿಯಮದ ಬಗ್ಗೆ ಇಷ್ಟು ಸರಳ ಪ್ರಶ್ನೆಗೆ ಉತ್ತರ ಸಿಕ್ಕಿರಲಿಲ್ಲ ಎಂದಾಯಿತು.

ಹಿಂದೂ ಮಹಾಸಾಗರದಲ್ಲಿ ಸಿಗುವ ‘ಕೋನಸ್ ಟೆಕ್ಸ್‌ಟೈಲ್’ ಎಂಬ ವಿಷದ ಶಂಖುವಿನ ಚಿಪ್ಪಿನ ಮೇಲೂ ಇಂಥದೇ ತ್ರಿಕೋನಗಳ ನೇಯ್ಗೆಯಿದೆ. ಚಿಪ್ಪು ಬೆಳೆಯುವುದು ಅದರ ಅಂಚಿನಲ್ಲಿ, ಸಾಲು ಸಾಲಾಗಿ. ಹಾಗಿದ್ದರೆ ಆ ಹುಳುವೂ ನಿಯಮ 30ನ್ನು ನಡೆಸುತ್ತಿದೆಯೇ? ವೊಲ್ಫ್ರಮ್ ಇಂಥ ಸಾಮ್ಯಗಳನ್ನು ಉತ್ಸಾಹದಿಂದ ಒಟ್ಟುಗೂಡಿಸಿ 2002ರಲ್ಲಿ ‘ಎ ನ್ಯೂ ಕೈಂಡ್ ಆಫ್ ಸೈನ್ಸ್’ ಎಂಬ ಸುಮಾರು 1,200 ಪುಟಗಳ ಗ್ರಂಥ ತಂದರು. ಸಮೀಕರಣಗಳಿಂದ ನಿಸರ್ಗವನ್ನು ವಿವರಿಸುವ ಮುನ್ನೂರು ವರ್ಷಗಳ ಪದ್ಧತಿಯ ಪಕ್ಕದಲ್ಲಿ ಪುಟ್ಟ ಪ್ರೋಗ್ರಾಂಗಳಿಂದ ವಿವರಿಸುವ ಹೊಸ ವಿಜ್ಞಾನ ನಿಲ್ಲಬೇಕು ಎಂಬುದು ಅವರ ಹಟ. ಪುಸ್ತಕ ಚೆನ್ನಾಗಿ ಮಾರಾಟವಾಯಿತು. ವಿಜ್ಞಾನಿಗಳು ಮಾತ್ರ ಅಷ್ಟಾಗಿ ಒಲಿಯಲಿಲ್ಲ. ನೊಬೆಲ್ ಪುರಸ್ಕೃತ ಸ್ಟೀವನ್ ವೈನ್‌ಬರ್ಗ್ ದೀರ್ಘ ವಿಮರ್ಶೆ ಬರೆದು, ಚಿತ್ರಗಳು ಹೋಲುತ್ತವೆ ಎಂಬುದರಾಚೆ ಸಾಬೀತಾದದ್ದು ಹೆಚ್ಚೇನೂ ಇಲ್ಲ ಎಂಬ ಅತೃಪ್ತಿ ತೋರಿದರು. ಬೇರೆಯವರ ಕೆಲಸಕ್ಕೆ ಸಲ್ಲಬೇಕಾದ ಮನ್ನಣೆ ಪುಸ್ತಕದಲ್ಲಿ ಸಾಲದು ಎಂಬ ದೂರೂ ಇತ್ತು.

ಆ ದೂರಿಗೆ ಒಂದು ಹಿನ್ನೆಲೆಯಿದೆ. 256 ನಿಯಮಗಳಲ್ಲಿ 110ನೆಯದು ಕಾನ್ವೇ ಆಟದಂತೆಯೇ ಪೂರ್ಣ ಕಂಪ್ಯೂಟರ್ ಎಂದು ಸಾಧಿಸಿದವರು ವೊಲ್ಫ್ರಮ್‌ಗೆ ಸಹಾಯಕರಾಗಿದ್ದ ಮ್ಯಾಥ್ಯೂ ಕುಕ್. ಅವರು 1998ರಲ್ಲಿ ಸಾಂಟಾ ಫೆ ಸಂಸ್ಥೆಯ ಸಮ್ಮೇಳನದಲ್ಲಿ ಇದನ್ನು ಮಂಡಿಸಿದಾಗ, ಗೋಪ್ಯತೆಯ ಒಪ್ಪಂದ ಮುರಿದಿದ್ದಾರೆಂದು ವೊಲ್ಫ್ರಮ್ ಕಂಪನಿ ನ್ಯಾಯಾಲಯಕ್ಕೆ ಹೋಯಿತು. ಸಮ್ಮೇಳನದ ಸಂಪುಟದಿಂದ ಪ್ರಬಂಧ ಹೊರಬಿತ್ತು. ಕೊನೆಗೆ ಅದು ಅಚ್ಚಾದದ್ದು 2004ರಲ್ಲಿ. ಮೂರು ಮನೆ ನೋಡಿ ನಾಲ್ಕನೆಯದಕ್ಕೆ ಬಣ್ಣ ಹಾಕುವ ನಿಯಮವೂ ಸ್ವತ್ತಿನ ಜಗಳಕ್ಕೆ ಈಡಾಯಿತು!

ಹಲ್ಲಿಯ ಮೈ, ಹೆದ್ದಾರಿಯ ಸಾಲು

ಹೋಲಿಕೆ ಬೇರೆ, ಕಾರಣ ಬೇರೆ. ರಾಮನಂತೆ ಕಾಣುವವನೆಲ್ಲ ರಾಮನಲ್ಲ. ಹಾಗಾದರೆ ನಿಸರ್ಗದಲ್ಲಿ ನಿಜವಾಗಿಯೂ ಇಂಥ ನಿಯಮ ನಡೆಯುತ್ತಿರುವುದನ್ನು ಯಾರಾದರೂ ಕಂಡಿದ್ದಾರೆಯೇ?

ಕಂಡಿದ್ದಾರೆ. ದಕ್ಷಿಣ ಯುರೋಪಿನಲ್ಲಿ ಕಣ್ಚುಕ್ಕೆಯ ಹಲ್ಲಿಯೊಂದಿದೆ. ಮರಿಯ ಮೈಮೇಲೆ ಕಂದು ಬಣ್ಣ, ನಡುನಡುವೆ ಬಿಳಿ ಚುಕ್ಕೆಗಳು. ಬೆಳೆದಂತೆ ಹುರುಪೆಗಳು ಒಂದೊಂದಾಗಿ ಹಸಿರು ಅಥವಾ ಕಪ್ಪಾಗಿ ಜಟಿಲವಾದ ಚಕ್ರವ್ಯೂಹದಂಥ ಚಿತ್ತಾರವಾಗುತ್ತದೆ. ಜಿನೀವಾ ವಿಶ್ವವಿದ್ಯಾಲಯದ ಮಿಷೆಲ್ ಮಿಲಿಂಕೊವಿಚ್ ಅವರ ತಂಡ ಕೆಲವು ಹಲ್ಲಿಗಳನ್ನು ಮೊಟ್ಟೆಯೊಡೆದಾಗಿನಿಂದ ಸುಮಾರು ನಾಲ್ಕು ವರ್ಷ ಹಿಂಬಾಲಿಸಿ, ಹುರುಪೆ ಹುರುಪೆಯ ಲೆಕ್ಕ ಇಟ್ಟಿತು. ಪ್ರತಿ ಹುರುಪೆಯೂ ತನ್ನ ನೆರೆಯ ಹುರುಪೆಗಳ ಬಣ್ಣ ಎಷ್ಟೆಷ್ಟಿದೆ ಎಂಬುದಕ್ಕೆ ಅನುಗುಣವಾಗಿ ತನ್ನ ಬಣ್ಣ ಬದಲಿಸುತ್ತಿತ್ತು! ಜೀವಂತ ಚರ್ಮದ ಮೇಲೆಯೇ ಮನೆಗಳ ಆಟ. ಕಾನ್ವೇ ಆಟದಷ್ಟು ಕಟ್ಟುನಿಟ್ಟಲ್ಲ, ಸ್ವಲ್ಪ ಅದೃಷ್ಟದ ಪಾಲೂ ಇದೆ. 2017ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾದ ಈ ಸಂಶೋಧನೆಯ ಸೊಗಸು ಇನ್ನೊಂದು ಕಡೆಯಿದೆ. ಅಲನ್ ಟ್ಯೂರಿಂಗ್ 1952ರಲ್ಲಿ, ಎರಡು ರಾಸಾಯನಿಕಗಳು ಒಂದಕ್ಕೊಂದು ಪ್ರತಿಕ್ರಿಯಿಸುತ್ತ ಹರಡುವುದರಿಂದ ಪ್ರಾಣಿಗಳ ಮೈಮೇಲಿನ ಪಟ್ಟೆ, ಚುಕ್ಕೆಗಳು ಮೂಡಬಹುದು ಎಂದು ಸಮೀಕರಣಗಳ ಮೂಲಕ ತೋರಿಸಿದ್ದರು. ಹುರುಪೆಗಳ ಅಂಚಿನಲ್ಲಿ ಚರ್ಮ ತೆಳುವಾಗಿ ಹರಡುವಿಕೆಗೆ ತಡೆ ಬೀಳುವುದರಿಂದ ಟ್ಯೂರಿಂಗ್ ಸಮೀಕರಣವೇ ಇಲ್ಲಿ ಮನೆಗಳ ಆಟವಾಗಿ ಮಾರ್ಪಡುತ್ತದೆ ಎಂದು ತಂಡ ವಿವರಿಸಿತು. ಸಮೀಕರಣವೋ ನಿಯಮವೋ ಎಂಬ ವೊಲ್ಫ್ರಮ್ ಜಗಳವೇ ಹಲ್ಲಿಯ ಬೆನ್ನಮೇಲೆ ಅರ್ಥ ಕಳೆದುಕೊಂಡಂತಾಯಿತು.

ರಸ್ತೆಗೆ ಬಂದರೆ, ಜರ್ಮನಿಯ ಕಾಯ್ ನಾಗೆಲ್ ಮತ್ತು ಮಿಖಾಯೆಲ್ ಶ್ರೆಕೆನ್‌ಬರ್ಗ್ 1992ರಲ್ಲಿ ರಸ್ತೆಯನ್ನು ಮನೆಗಳ ಸಾಲಾಗಿ ಕಲ್ಪಿಸಿ ಕಾರುಗಳಿಗೆ ನಾಲ್ಕೇ ಹೆಜ್ಜೆ ಕೊಟ್ಟರು. ಸಾಧ್ಯವಿದ್ದರೆ ವೇಗ ಹೆಚ್ಚಿಸು, ಮುಂದಿನವನಿಗೆ ಗುದ್ದುವಂತಿದ್ದರೆ ತಗ್ಗಿಸು, ಆಗಾಗ ಸುಮ್ಮಸುಮ್ಮನೆ ಕೊಂಚ ನಿಧಾನಿಸು, ಮುಂದೆ ಸರಿ. ಅಪಘಾತವಿಲ್ಲ, ಗುಂಡಿಯಿಲ್ಲ, ಸಿಗ್ನಲ್ಲಿಲ್ಲ, ಆದರೂ ಕಾರುಗಳು ದಟ್ಟವಾದೊಡನೆ ಎಲ್ಲಿಂದಲೋ ಜಾಮ್ ಹುಟ್ಟಿ ಹಿಂದಕ್ಕೆ ಹರಿಯತೊಡಗುತ್ತದೆ. 2008ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಜಪಾನಿನ ಸಂಶೋಧಕರು 230 ಮೀಟರ್ ಸುತ್ತಳತೆಯ ವೃತ್ತಾಕಾರದ ಹಾದಿಯಲ್ಲಿ 22 ನಿಜವಾದ ಕಾರುಗಳನ್ನು ಸಮವೇಗದಲ್ಲಿ ಓಡಿಸಿದಾಗ, ಸ್ವಲ್ಪ ಹೊತ್ತಿನಲ್ಲೇ ಅಂಥದೇ ಜಾಮ್ ತಾನಾಗಿ ಮೂಡಿತು. ಬೆಂಗಳೂರಿನ ವರ್ತುಲ ರಸ್ತೆಯಲ್ಲಿ ಅರ್ಧ ಗಂಟೆ ತೆವಳಿ, ಕೊನೆಗೆ ಮುಂದೆ ಏನೂ ಆಗಿಲ್ಲವೆಂದು ಕಂಡು ಬೆಪ್ಪಾದವರಿಗೆ ಇದು ಸಮಾಧಾನವೋ ಅಸಮಾಧಾನವೋ ತಿಳಿಯದು. ತಪ್ಪು ಯಾರದೂ ಅಲ್ಲ, ಎಲ್ಲರದೂ ಹೌದು. (ಲೇನ್ ಶಿಸ್ತಿರುವ ರಸ್ತೆಗೆ ಮಾಡಿದ ಲೆಕ್ಕ ಇದು. ಆಟೊ, ಬೈಕು, ಬಸ್ಸು ಒಂದರ ಸಂದಿಯಲ್ಲೊಂದು ತೂರುವಲ್ಲಿ ನಾಲ್ಕು ಹೆಜ್ಜೆ ಸಾಲದು.)

ರೋಮ್ ನಗರದ ಸಂಜೆಯ ಬಾನಿನಲ್ಲಿ ಸಾವಿರಾರು ಸ್ಟಾರ್ಲಿಂಗ್ ಹಕ್ಕಿಗಳು ಹೊಗೆಯ ಮುದ್ದೆಯಂತೆ ಸುಳಿದಾಡುವುದನ್ನು ಅಳೆದ ಜಾರ್ಜೊ ಪರೀಸಿ ಮತ್ತು ಸಂಗಡಿಗರು, ಪ್ರತಿ ಹಕ್ಕಿಯೂ ಗಮನಿಸುವುದು ಹತ್ತಿರದ ಆರೇಳು ಹಕ್ಕಿಗಳನ್ನು ಮಾತ್ರ ಎಂದು 2008ರಲ್ಲಿ ವರದಿ ಮಾಡಿದರು. ಪರೀಸಿಗೆ 2021ರಲ್ಲಿ ನೊಬೆಲ್ ಬಂತು, ಅದು ಮುಖ್ಯವಾಗಿ ಬೇರೆ ಕೆಲಸಕ್ಕೆ.

ಭಾರತದ ಪಾಲೂ ಈ ಕಥೆಯಲ್ಲಿ ಗಟ್ಟಿಯಾಗಿದೆ. ಪೆರ್ ಬಾಕ್, ಚಾವೊ ಟಾಂಗ್, ಕುರ್ಟ್ ವೀಸೆನ್‌ಫೆಲ್ಡ್ 1987ರಲ್ಲಿ ಮರಳಿನ ರಾಶಿಯ ಒಂದು ಆಟ ಮುಂದಿಟ್ಟರು. ಚೌಕಳಿಯ ಮೇಲೆ ಒಂದೊಂದೇ ಕಾಳು ಉದುರಿಸಬೇಕು. ಯಾವುದೇ ಮನೆಯಲ್ಲಿ ನಾಲ್ಕು ಕಾಳು ಸೇರಿದರೆ ಅದು ಕುಸಿದು ನಾಲ್ಕು ಪಕ್ಕದವರಿಗೂ ಒಂದೊಂದು ಕಾಳು ಹಂಚುತ್ತದೆ. ಅವರಲ್ಲಿ ಯಾರದಾದರೂ ನಾಲ್ಕಾದರೆ ಅವರೂ ಕುಸಿಯುತ್ತಾರೆ. ಅಂಚಿನಿಂದ ಬಿದ್ದದ್ದು ಹೋಯಿತು. ಕೆಲಕಾಲದ ನಂತರ ರಾಶಿ ಒಂದು ವಿಚಿತ್ರ ಸ್ಥಿತಿಗೆ ಬರುತ್ತದೆ. ಒಂದು ಕಾಳಿನಿಂದ ಏನೂ ಆಗದಿರಬಹುದು, ಇಡೀ ಹಾಸೇ ಕುಸಿಯಲೂಬಹುದು. ಭೂಕಂಪಗಳಲ್ಲೂ ಸಣ್ಣವು ಬಹಳ, ದೊಡ್ಡವು ವಿರಳ, ನಡುವೆ ಎಲ್ಲ ಗಾತ್ರದವೂ ಉಂಟು. ಮುಂಬೈನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿದ್ದ ದೀಪಕ್ ಧರ್ 1990ರಲ್ಲಿ ಈ ಆಟದ ಒಳಗುಟ್ಟನ್ನು ಬಿಚ್ಚಿದರು. ಯಾವ ಮನೆ ಮೊದಲು ಕುಸಿಯಿತು, ಯಾವುದು ಆಮೇಲೆ ಎಂಬುದು ಲೆಕ್ಕಕ್ಕಿಲ್ಲ. ಯಾವ ಕ್ರಮದಲ್ಲಿ ಹೋದರೂ ಕೊನೆಯ ಚಿತ್ರ ಒಂದೇ. ಈ ಒಂದು ಗುಣ ಹಿಡಿದು, ಅಲ್ಲಿಯವರೆಗೆ ಕಂಪ್ಯೂಟರಿನಲ್ಲಿ ಓಡಿಸಿ ನೋಡಬೇಕಿದ್ದ ಹಲವು ಸಂಗತಿಗಳನ್ನು ಕಾಗದದ ಮೇಲೆ ನಿಖರವಾಗಿ ಬಿಡಿಸಿದರು. 2022ರಲ್ಲಿ ಅವರಿಗೆ ಜಾನ್ ಹಾಪ್‌ಫೀಲ್ಡ್ ಜೊತೆ ಬೋಲ್ಟ್ಸ್‌ಮನ್ ಪದಕ ಸಂದಿತು. ಅದನ್ನು ಪಡೆದ ಮೊದಲ ಭಾರತೀಯ ಅವರು.

ಇಲ್ಲೊಂದು ತಮಾಷೆಯಿದೆ. ನಿಜವಾದ ಮರಳಿನ ರಾಶಿ ಈ ಮರಳಿನ ಆಟದಂತೆ ವರ್ತಿಸುವುದಿಲ್ಲ! ಉರುಳುವ ಕಣಗಳಿಗೆ ಆವೇಗ ಬಂದುಬಿಡುತ್ತದೆ. ನಾರ್ವೆಯ ಓಸ್ಲೋದಲ್ಲಿ 1996ರಲ್ಲಿ ಅಕ್ಕಿಯ ರಾಶಿಯಿಂದ ಪ್ರಯೋಗ ನಡೆಸಿದಾಗ, ಉದ್ದ ಕಾಳಿನ ಅಕ್ಕಿ ಸಿದ್ಧಾಂತ ಹೇಳಿದಂತೆ ನಡೆದುಕೊಂಡಿತು, ಗುಂಡು ಕಾಳಿನದು ನಡೆದುಕೊಳ್ಳಲಿಲ್ಲ. ಕಣದಲ್ಲಿ ರಾಶಿ ಹಾಕುವ ರೈತರಿಗೆ ಈ ವ್ಯತ್ಯಾಸ ಹೊಸದಾಗಿರಲಾರದು.

ಪಂಚಾಂಗಕ್ಕೆ ಸಿಗದ ಲೆಕ್ಕ

ಇಷ್ಟಾದ ಮೇಲೆ ಮೂಲ ಪ್ರಶ್ನೆಗೆ ಮರಳಬೇಕು. ವಿಶ್ವದ ತಳದಲ್ಲಿ ಒಂದು ಪುಟ್ಟ ನಿಯಮವಿದೆ ಎಂದೇ ಇಟ್ಟುಕೊಳ್ಳೋಣ. ಅದು ಸಿಕ್ಕಿಬಿಟ್ಟರೆ ಎಲ್ಲ ತಿಳಿದಂತಾಯಿತೇ?

ಗ್ರಹಣದ ಲೆಕ್ಕ ಹಾಕುವವರು ಇಂದಿನಿಂದ ನೂರು ವರ್ಷದ ಆಚೆಗಿನ ಗ್ರಹಣದ ವೇಳೆಯನ್ನು ಈಗಲೇ ಹೇಳಬಲ್ಲರು. ನಡುವಿನ ಮೂವತ್ತಾರು ಸಾವಿರ ಚಿಲ್ಲರೆ ದಿನಗಳನ್ನು ಒಂದೊಂದಾಗಿ ದಾಟಬೇಕಿಲ್ಲ. ಸೂತ್ರಕ್ಕೆ ಒಂದೇ ನೆಗೆತ. ನಿಯಮ 30ರ ಹತ್ತು ಲಕ್ಷನೆಯ ಸಾಲಿಗೆ ಅಂಥ ನೆಗೆತ ಯಾರಿಗೂ ದೊರೆತಿಲ್ಲ. ಅದರ ಹಿಂದಿನ ಸಾಲುಗಳನ್ನೆಲ್ಲ ಬರೆದೇ ಅಲ್ಲಿಗೆ ಮುಟ್ಟಬೇಕು. ಕಾನ್ವೇ ಆಟದಲ್ಲಂತೂ ಕೊಟ್ಟ ಆಕೃತಿ ಮುಂದೆಂದಾದರೂ ಪೂರ್ತಿ ಅಳಿಯುವುದೇ ಎಂದು ಎಲ್ಲ ಸಂದರ್ಭಗಳಲ್ಲೂ ಹೇಳಬಲ್ಲ ಸಾಮಾನ್ಯ ವಿಧಾನ ಇರಲು ಸಾಧ್ಯವೇ ಇಲ್ಲ. 1936ರಲ್ಲಿ ಟ್ಯೂರಿಂಗ್ ಕಂಪ್ಯೂಟರುಗಳ ಬಗ್ಗೆ ಸಾಧಿಸಿದ ಮಿತಿ ಇಲ್ಲಿಗೂ ಅನ್ವಯಿಸುತ್ತದೆ. ವೊಲ್ಫ್ರಮ್ ಹೇಳಿದ್ದರಲ್ಲಿ ಬಹುಶಃ ಎಲ್ಲಕ್ಕಿಂತ ಗಟ್ಟಿ ಉಳಿಯುವುದು ಈ ಮಾತು: ನಿಯಮ ಪೂರ್ತಿ ಗೊತ್ತಿದ್ದರೂ ಅಡ್ಡದಾರಿ ಇಲ್ಲದಿರಬಹುದು. ಹಣೆಬರಹ ಬರೆದಾಗಿದೆ, ಆದರೆ ಅದನ್ನು ಓದಬೇಕಾದರೆ ಬದುಕಿಯೇ ತೀರಬೇಕು ಎಂದಂತೆ. ಸರಳ ನಿಯಮದ ಕನಸು ಕಾಣುವವರಲ್ಲಿ ಅನೇಕರು ಮುನ್ನರಿವಿನ ಕನಸನ್ನೂ ಅದರೊಂದಿಗೆ ಕಟ್ಟಿಕೊಂಡಿರುತ್ತಾರೆ. ಆ ಗಂಟು ಬಿಚ್ಚಿಹೋಗುತ್ತದೆ.

ನಿಯಮ ಇದೆಯೇ ಎಂಬುದಂತೂ ಇನ್ನೂ ತಕರಾರಿನ ವಿಷಯ. ಚೌಕಳಿಗೆ ಅಡ್ಡ, ಉದ್ದ ಎಂಬ ದಿಕ್ಕುಗಳಿವೆ; ಐನ್‌ಸ್ಟೈನರ ಸಾಪೇಕ್ಷತೆ ವಿಶ್ವಕ್ಕೆ ಅಂಥ ಮೆಚ್ಚಿನ ದಿಕ್ಕು ಇದೆಯೆಂದು ಒಪ್ಪುವುದಿಲ್ಲ. ಇನ್ನೂ ದೊಡ್ಡ ತೊಡಕು ಕ್ವಾಂಟಂ ಜಗತ್ತಿನದು. ಮನೆಗಳ ಆಟದ ಜೀವಾಳವೇ ನೆರೆಹೊರೆ. ದೂರದವನ ಸುದ್ದಿ ಮನೆಯಿಂದ ಮನೆಗೆ ದಾಟಿಯೇ ಬರಬೇಕು. ಆದರೆ ಹೆಣೆದುಕೊಂಡ ಎರಡು ಕಣಗಳನ್ನು ದೂರ ದೂರ ಒಯ್ದು ಅಳೆದಾಗ ಉತ್ತರಗಳಲ್ಲಿ ಕಾಣುವ ಹೊಂದಾಣಿಕೆಯನ್ನು ಕೇವಲ ನೆರೆಹೊರೆಯ ಲೆಕ್ಕದಿಂದ ವಿವರಿಸಲಾಗದು ಎಂದು ಜಾನ್ ಬೆಲ್ 1964ರಲ್ಲಿ ತೋರಿಸಿದರು. ಪ್ರಯೋಗಗಳು ಅದನ್ನು ಮತ್ತೆ ಮತ್ತೆ ದೃಢಪಡಿಸಿದವು. 2022ರ ಭೌತವಿಜ್ಞಾನದ ನೊಬೆಲ್ ಸಂದದ್ದು ಅಂಥ ಪ್ರಯೋಗಗಳಿಗಾಗಿ ಅಲೈನ್ ಆಸ್ಪೆ, ಜಾನ್ ಕ್ಲೌಸರ್ ಮತ್ತು ಆಂಟನ್ ಝೈಲಿಂಗರ್ ಅವರಿಗೆ. ಆದರೂ 1999ರ ನೊಬೆಲ್ ಪುರಸ್ಕೃತ ಗೆರಾರ್ಡ್ ಟ್ ಹೂಫ್ಟ್ ಪಟ್ಟು ಬಿಟ್ಟಿಲ್ಲ. ಮನೆಗಳ ಆಟದಿಂದಲೇ ಕ್ವಾಂಟಂ ವಿಜ್ಞಾನವನ್ನು ಪಡೆಯಬಹುದೆಂದು 2016ರಲ್ಲಿ ಪುಸ್ತಕವನ್ನೇ ಬರೆದರು. ಅವರ ದಾರಿಗೆ ತೆರಬೇಕಾದ ಬೆಲೆ ಇದು: ಪ್ರಯೋಗಾಲಯದಲ್ಲಿ ಯಾವ ಗುಂಡಿ ಒತ್ತಬೇಕೆಂದು ವಿಜ್ಞಾನಿ ತಾನೇ ಆರಿಸಿದೆ ಎಂದುಕೊಳ್ಳುವುದೂ ಮೊದಲೇ ನಿಗದಿಯಾದ ಲೆಕ್ಕದ ಒಂದು ಮೆಟ್ಟಿಲು. ಇದನ್ನು ನುಂಗಲು ಹೆಚ್ಚಿನವರು ಸಿದ್ಧರಿಲ್ಲ. ವೊಲ್ಫ್ರಮ್ 2020ರ ಏಪ್ರಿಲ್‌ನಲ್ಲಿ ಚೌಕಳಿಯನ್ನೇ ಕೈಬಿಟ್ಟು, ಬಿಂದುಗಳೂ ಗೆರೆಗಳೂ ತಾವೇ ಹೆಣೆದುಕೊಳ್ಳುತ್ತ ಹೋಗುವ ಬಲೆಯೊಂದರಿಂದ ಆಕಾಶ, ಕಾಲಗಳನ್ನು ಹುಟ್ಟಿಸುವ ಹೊಸ ಯೋಜನೆ ಪ್ರಕಟಿಸಿದರು. ನೇಯ್ಗೆ ಅಂದವಾಗಿದೆ, ಆದರೆ ಅದು ಹೇಳಿದ ಹೊಸ ಸಂಗತಿಯೊಂದು ಪ್ರಯೋಗದಲ್ಲಿ ನಿಜವಾಗುವವರೆಗೆ ಭೌತವಿಜ್ಞಾನಿಗಳು ತಲೆದೂಗುವವರಲ್ಲ. ಅವರ ಬಿಗುಮಾನ ಈ ವಿಷಯದಲ್ಲಿ ನ್ಯಾಯವೇ ಎನ್ನಬೇಕು.

ಅದೇ 2020ರ ಏಪ್ರಿಲ್ 11ರಂದು ಜಾನ್ ಕಾನ್ವೇ ಅಮೆರಿಕದ ನ್ಯೂಜೆರ್ಸಿಯಲ್ಲಿ ಕೋವಿಡ್‌ನಿಂದ ತೀರಿಕೊಂಡರು. ಆಗ ಅವರಿಗೆ 82 ವರ್ಷ. ಸಂಖ್ಯಾ ಸಿದ್ಧಾಂತ, ಗ್ರೂಪ್ ಸಿದ್ಧಾಂತಗಳಲ್ಲಿ ಅವರು ಮಾಡಿದ ಆಳವಾದ ಕೆಲಸವನ್ನು ಈ ಆಟದ ಜನಪ್ರಿಯತೆ ಮರೆಮಾಡಿತೆಂಬ ಬೇಸರ ಅವರಿಗೆ ಬಹುಕಾಲ ಇತ್ತು. ಅದೇನಿದ್ದರೂ ಜನ ಅವರನ್ನು ನೆನೆದದ್ದು ಆಟದ ಮೂಲಕವೇ. ವ್ಯಂಗ್ಯಚಿತ್ರಕಾರ ರಾಂಡಲ್ ಮನ್ರೋ ಆ ವಾರ ಒಂದು ಚಿತ್ರ ಪ್ರಕಟಿಸಿದರು. ಚೌಕಳಿಯ ಮೇಲೆ ಕಪ್ಪು ಮನೆಗಳಿಂದ ಮಾಡಿದ ಒಬ್ಬ ಮನುಷ್ಯನ ಗೊಂಬೆ. ಅದಕ್ಕೆ ಕಾನ್ವೇ ನಿಯಮವನ್ನೇ ಹಚ್ಚಲಾಗಿದೆ. ಸುತ್ತು ಕಳೆದಂತೆ ಗೊಂಬೆ ಕರಗುತ್ತದೆ, ಒಂದೊಂದೇ ಮನೆ ಖಾಲಿಯಾಗುತ್ತದೆ, ಕೊನೆಗೆ ಐದು ಮನೆಗಳ ಒಂದು ಗ್ಲೈಡರ್ ಮಾತ್ರ ಉಳಿದು ಓರೆಯಾಗಿ ಮೇಲಕ್ಕೆ ಹಾರಿಹೋಗುತ್ತದೆ.